ಮನೆತನದ ಕೆಟ್ಟ ಹೆಸರಿನ ಹಿರಿಯನನ್ನು ದಾಖಲೆಗಳಲ್ಲಿ ಹುಡುಕುವುದು ಹೇಗೆ? ಕನ್ನಡ ನಾಡಿನ ಕುಟುಂಬಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಉತ್ತು ಬಿತ್ತಿ, ಕಂದಾಯ ಕಟ್ಟಿ, ಯಾರ ತಂಟೆಗೂ ಹೋಗದೆ ತೀರಿಕೊಂಡ ಅಜ್ಜನ ಬಗ್ಗೆ ನೂರೈವತ್ತು ವರ್ಷದ ಹಿಂದಿನ ಕಾಗದದಲ್ಲಿ ಒಂದು ಸಾಲು ಸಿಕ್ಕರೆ ಅದೇ ಪುಣ್ಯ. ದರೋಡೆಗೆ ಹೋದವನ, ಅಮಲ್ದಾರನ ಕಚೇರಿಗೆ ಬೆಂಕಿ ಇಟ್ಟವನ, ದಾಯಾದಿಯನ್ನು ಕೊಂದು ಗಲ್ಲಿಗೇರಿದವನ ಪಾಡು ಬೇರೆ. ಅವನ ಅಪ್ಪನ ಹೆಸರು, ಊರು, ವಯಸ್ಸು, ಮೈಮೇಲಿನ ಮಚ್ಚೆ, ಜೊತೆಗಾರರು, ಹೇಳಿಕೆ, ಹಿಡಿದುಕೊಟ್ಟವನಿಗೆ ಸಿಕ್ಕ ಇನಾಮು, ಎಲ್ಲವನ್ನೂ ಸರ್ಕಾರ ಕೂತು ಬರೆಸಿದೆ. ಬಹುಪಾಲು ಕನ್ನಡ ಮನೆತನಗಳಿಗೆ ಹಳೆಯ ಜನನ ಮರಣದ ಲೆಕ್ಕ ಇಲ್ಲ. ಇಂಥ ನಾಡಿನಲ್ಲಿ ಸರ್ಕಾರ ಬಿಡದೆ ಬರೆದಿಟ್ಟದ್ದು ಭೂಮಿಯನ್ನು ಮತ್ತು ಅಪರಾಧವನ್ನು. ಅಪರಾಧದ ಕಡತದಲ್ಲಿರುವ ಮನುಷ್ಯನೇ ನಿಮ್ಮ ಭೂಮಿಯ ಕಡತದಲ್ಲಿರುವ ಮನುಷ್ಯ ಎಂದು ತೋರಿಸುವುದೇ ಈ ಹುಡುಕಾಟದ ನಿಜವಾದ ಕೆಲಸ. ಉಳಿದದ್ದು ಅದಕ್ಕೆ ಬೇಕಾದ ತಯಾರಿ.

ಇಲ್ಲಿನ ವಿವರ ಸುಮಾರು 1800ರಿಂದ 1947ರವರೆಗಿನದು. ಅದಕ್ಕೂ ಹಿಂದಕ್ಕೆ, ಹತ್ತನೇ ಶತಮಾನದ ವೀರಗಲ್ಲಿನಲ್ಲಿರುವ ತುರುಗಳ್ಳನ ತನಕ ವಂಶ ಎಳೆಯಲು ಹೋಗಬೇಡಿ. ನಡುವಿನ ಮೂವತ್ತು ತಲೆಮಾರಿಗೆ ಯಾರ ಬಳಿಯೂ ಕಾಗದವಿಲ್ಲ.

ಮನೆಯೊಳಗಿನ ಮಾತಿನಿಂದ ಶುರು

"ನಮ್ಮ ವಂಶದಲ್ಲಿ ಕೆಟ್ಟವರು ಯಾರಾದರೂ ಇದ್ದರಾ ಅಜ್ಜಿ?" ಎಂದು ಕೇಳಿದರೆ "ಛೇ, ಹಾಗೆಲ್ಲ ಇಲ್ಲ" ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. ಸುತ್ತು ಹಾಕಿ ಕೇಳಬೇಕು. ಮೂಲ ಊರು ಯಾವುದು, ಅಲ್ಲಿಂದ ಯಾಕೆ ಹೊರಟರು, ರಾತ್ರೋರಾತ್ರಿ ಹೊರಟರೋ ಸಾವಕಾಶವಾಗಿ ಹೊರಟರೋ? ಅಡ್ಡಹೆಸರು ಯಾವಾಗಲಾದರೂ ಬದಲಾಗಿದೆಯೇ? ಅಣ್ಣತಮ್ಮಂದಿರಲ್ಲಿ ಯಾರ ಕವಲು ನಿಂತುಹೋಯಿತು? ಮಕ್ಕಳಿಗೆ ಇಡಬಾರದು ಎನ್ನುವ ಹೆಸರು ಯಾವುದಾದರೂ ಇದೆಯೇ? ಊರಲ್ಲಿ ನಿಮ್ಮದಾಗಿದ್ದು ಈಗ ಬೇರೆಯವರ ಕೈಯಲ್ಲಿರುವ ಹೊಲ ಯಾವುದು, ಅದನ್ನು ಮಾರಿದ್ದೋ ಹೋದದ್ದೋ? ಊರಾಚೆ ವರ್ಷಕ್ಕೊಮ್ಮೆ ಎಡೆ ಇಡುವ, ಆದರೆ ಯಾರದೆಂದು ಹೇಳದ ಕಲ್ಲು ಇದೆಯೇ? ಈ ಪ್ರಶ್ನೆಗಳಿಗೆ ಹಿರಿಯರು ಸಲೀಸಾಗಿ ಉತ್ತರಿಸುತ್ತಾರೆ. ಬೇಕಾದ ಸುಳಿವುಗಳೂ ಇವುಗಳಲ್ಲೇ ಇರುತ್ತವೆ.

ಮನೆತನಕ್ಕೆ ಹೆಳವರ ಸಂಬಂಧ ಇನ್ನೂ ಉಳಿದಿದ್ದರೆ ಅದು ದೊಡ್ಡ ಆಸ್ತಿ. ಸುಗ್ಗಿಯ ನಂತರ ಎತ್ತಿನ ಮೇಲೆ ಬಂದು ವಂಶಾವಳಿ ಹೇಳಿ ಕಾಳು ಪಡೆದು ಹೋಗುವ ಹೆಳವರು ತಮಗೆ ಹಂಚಿಕೆಯಾದ ಮನೆತನಗಳ ಹೆಸರು, ಮೂಲಸ್ಥಳ, ಬೆಡಗು (ಕುಲದ ಒಳಪಂಗಡ), ವಲಸೆಯ ದಾರಿಗಳನ್ನು ಪುಸ್ತಕದಲ್ಲಿ ಬರೆದಿಟ್ಟಿರುತ್ತಾರೆ. ಆದರೆ ಅವರ ಹೊಟ್ಟೆಪಾಡು ನಡೆಯುವುದು ನಿಮ್ಮ ಮನೆತನವನ್ನು ಹೊಗಳುವುದರಿಂದ. ಕೊಲೆಗಾರನನ್ನು ಅವರು ಕೊಲೆಗಾರನೆಂದು ಹಾಡುವುದಿಲ್ಲ. "ದಂಡಿಗೆ ಹೋದ", "ಕಾಶಿಗೆ ಹೋದ", "ಸಂತಾನವಿಲ್ಲ" ಎಂದು ದಾಟಿಸುತ್ತಾರೆ. ಹೆಳವರ ಪುಸ್ತಕದಲ್ಲಿ ಒಬ್ಬನ ಹೆಸರಿದ್ದು ಮುಂದಿನ ವಿವರ ಖಾಲಿಯಿದ್ದರೆ ಆ ಹೆಸರಿನ ಕೆಳಗೆ ಗೆರೆ ಎಳೆದುಕೊಳ್ಳಿ. ಹೆಸರಿನ ಜೊತೆಗೆ ಅವನ ಅಪ್ಪ, ಅಣ್ಣತಮ್ಮಂದಿರು, ಹೆಂಡತಿಯ ತವರೂರನ್ನೂ ಕೇಳಿ ಬರೆದುಕೊಳ್ಳಬೇಕು. ಮುಂದೆ ಕೆಲಸಕ್ಕೆ ಬರುವುದು ಈ ಸುತ್ತಲಿನವರೇ.

ನಾಡಕಚೇರಿಯಿಂದ ಪಡೆದ ವಂಶವೃಕ್ಷ ಪ್ರಮಾಣಪತ್ರವನ್ನು ನಂಬಿ ಕೂರಬೇಡಿ. ಅದು ಅರ್ಜಿದಾರರು ಪ್ರಮಾಣ ಮಾಡಿ ಹೇಳಿದ್ದರ ಮೇಲೆ, ಹೆಚ್ಚಾಗಿ ಪೌತಿ ಖಾತೆಯ (ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದರ) ಸಲುವಾಗಿ ತಯಾರಾಗುವ ಕಾಗದ. ಪಾಲು ಕೇಳಲು ಯಾರೂ ಉಳಿದಿಲ್ಲದ ಕವಲು ಅಲ್ಲಿ ಸುಮ್ಮನೆ ಬಿಟ್ಟುಹೋಗಿರುತ್ತದೆ.

ತಲೆಮಾರಿನ ಲೆಕ್ಕ

ಪತ್ರಾಗಾರಕ್ಕೆ, ಅಂದರೆ ಸರ್ಕಾರದ ಹಳೆಯ ಕಡತಗಳ ಭಂಡಾರಕ್ಕೆ, ಹೋಗುವ ಮುಂಚೆ ಹತ್ತು ನಿಮಿಷ ಕೂತು ಲೆಕ್ಕ ಹಾಕಿ. ಒಂದು ತಲೆಮಾರಿಗೆ 25ರಿಂದ 30 ವರ್ಷ ಹಿಡಿಯಿರಿ. 1970ರಲ್ಲಿ ಹುಟ್ಟಿದವರ ಅಜ್ಜ 1910ರ ಆಸುಪಾಸಿನವರು, ಮುತ್ತಜ್ಜ 1880ರ ದಶಕದವರು. ಹೀಗಿರುವಾಗ "ನಮ್ಮ ಮುತ್ತಜ್ಜ ಸಂಗೊಳ್ಳಿ ರಾಯಣ್ಣನ ದಂಡಿನಲ್ಲಿದ್ದ" ಎಂಬ ಮಾತು ನಿಲ್ಲುವುದಿಲ್ಲ. ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಆ ದಂಡಿನಲ್ಲಿದ್ದವನು ನಿಮಗಿಂತ ಐದಾರು ತಲೆಮಾರು ಮೇಲಿನವನಾಗಿರಬೇಕು. ಕಥೆ ಸುಳ್ಳೆಂದಲ್ಲ. ಬಾಯಿಮಾತಿನಲ್ಲಿ ಮಧ್ಯದ ಎರಡು ತಲೆಮಾರು ಕರಗಿ, ಹೆಸರಾದವನು ಹತ್ತಿರಕ್ಕೆ ಬಂದುಬಿಡುತ್ತಾನೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಪದ್ಧತಿ ಇದಕ್ಕೆ ಇನ್ನಷ್ಟು ಗೊಬ್ಬರ. ಒಂದೇ ಮನೆಯಲ್ಲಿ ಮೂವರು ಬಸಪ್ಪಂದಿರಿದ್ದರೆ ಮೊದಲ ಬಸಪ್ಪನ ಗಲ್ಲು ಮೂರನೆಯ ಬಸಪ್ಪನ ಕುತ್ತಿಗೆಗೆ ಬರುತ್ತದೆ.

ಹುಡುಕಾಟ ಯಾವತ್ತೂ ನಿಮ್ಮಿಂದ ಮೇಲಕ್ಕೆ ಹೋಗಬೇಕು. ಹೆಸರುವಾಸಿ ದರೋಡೆಕೋರನನ್ನು ಹಿಡಿದು ಕೆಳಕ್ಕೆ ಇಳಿದರೆ ಎಲ್ಲೋ ಒಂದು ಕಡೆ ನಿಮ್ಮ ಆಸೆಯೇ ಸೇತುವೆ ಕಟ್ಟಿಬಿಡುತ್ತದೆ.

ತುಳುನಾಡಿನ ಅಳಿಯಸಂತಾನದ ಮನೆತನಗಳಲ್ಲಿ ಈ ಲೆಕ್ಕ ಬೇರೆ ದಾರಿ ಹಿಡಿಯುತ್ತದೆ. ಆಸ್ತಿ ಹೋಗುವುದು ಮಾವನಿಂದ ಸೋದರಳಿಯನಿಗೆ, ಮನೆತನ ಗುರುತಾಗುವುದು ತಾಯಿಯ ಕಡೆಯಿಂದ. ಅಪ್ಪನ ಹೆಸರು ಹಿಡಿದು ವರ್ಗದ (ಮನೆತನದ ಹಿಡುವಳಿ ಭೂಮಿಯ) ಕಾಗದ ಹುಡುಕಿದರೆ ಏನೂ ಸಿಗುವುದಿಲ್ಲ. ತಾಯಿಯ ಅಣ್ಣತಮ್ಮಂದಿರ ಹೆಸರುಗಳ ಪಟ್ಟಿ ಮೊದಲು ಮಾಡಿಕೊಳ್ಳಬೇಕು.

ಊರು ಆಗ ಯಾರ ಆಡಳಿತದಲ್ಲಿತ್ತು?

ಹೆಚ್ಚಿನವರು ಎಡವುವುದು ಇಲ್ಲಿಯೇ. ಈಗ ಕರ್ನಾಟಕದಲ್ಲಿರುವ ಊರಿನ ಹಳೆಯ ಕಡತ ಬೆಂಗಳೂರಿನಲ್ಲಿಯೇ ಇರುತ್ತದೆ ಎಂದು ಹೊರಡುತ್ತಾರೆ. 1956ಕ್ಕೆ ಮುಂಚೆ ಕನ್ನಡ ಸೀಮೆ ಹಂಚಿಹೋಗಿತ್ತು, ಕಡತಗಳೂ ಹಾಗೆಯೇ ಹಂಚಿಹೋಗಿವೆ.

ಹಳೆ ಮೈಸೂರು: 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರ ಆಡಳಿತ, ಆಮೇಲೆ ಮತ್ತೆ ಒಡೆಯರದು. ಈ ಎರಡೂ ಕಾಲದ ಕಡತಗಳಿಗೆ ವಿಧಾನಸೌಧದಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು. 1830-31ರಲ್ಲಿ ನಗರ (ಬಿದನೂರು) ಸೀಮೆಯಲ್ಲಿ ಎದ್ದ ನಗರ ದಂಗೆಯಲ್ಲಿ ಅದರ ನಾಯಕ ಬೂದಿ ಬಸವಪ್ಪನ ಜೊತೆ ಸೇರಿದವರನ್ನು ಹುಡುಕುವವರು ಮದರಾಸಿನ ಕಡತಗಳನ್ನೂ ನೋಡಬೇಕಾಗುತ್ತದೆ. ದಂಗೆ ಅಡಗಿಸಲು ಬಂದದ್ದು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ, ಪತ್ರವ್ಯವಹಾರ ನಡೆದದ್ದು ಮದರಾಸಿನ ಜೊತೆ.

ಬೆಳಗಾವಿ, ಧಾರವಾಡ, ವಿಜಯಪುರ ಬೊಂಬಾಯಿ ಆಧಿಪತ್ಯಕ್ಕೆ ಸೇರಿದ್ದವು. ಮುಂಬೈ ಕೋಟೆ ಪ್ರದೇಶದ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ ಜುಡಿಷಿಯಲ್ ಮತ್ತು ಪೊಲಿಟಿಕಲ್ ಇಲಾಖೆಯ ಸಂಪುಟಗಳನ್ನು ವರ್ಷವಾರು ಕೇಳಬೇಕು. ಹಿಂದಿನ ಕಾಗದಗಳಲ್ಲಿ ವಿಜಯಪುರ ಜಿಲ್ಲೆ ‘ಕಲಾದಗಿ’ ಎಂಬ ಹೆಸರಿನಲ್ಲಿದೆ. ಮುಧೋಳ, ಜಮಖಂಡಿ, ನರಗುಂದ, ರಾಮದುರ್ಗದಂಥ ಸಂಸ್ಥಾನಗಳ ಊರುಗಳು ಜಿಲ್ಲೆಯ ಕಡತದಲ್ಲಿ ಸಿಗುವುದಿಲ್ಲ. ಅವು ಸಂಸ್ಥಾನಗಳ ಮೇಲ್ವಿಚಾರಣೆಗಿದ್ದ ಬ್ರಿಟಿಷ್ ಅಧಿಕಾರಿಯ, ಅಂದರೆ ಪೊಲಿಟಿಕಲ್ ಏಜೆಂಟನ ಪತ್ರಗಳಲ್ಲಿರುತ್ತವೆ. 1857ರ ಕೊನೆಯಲ್ಲಿ ಆಯುಧ ಒಪ್ಪಿಸಲು ಒಪ್ಪದೆ ತಿರುಗಿಬಿದ್ದ ಹಲಗಲಿಯ ಬೇಡರ ಊರು ಮುಧೋಳ ಸಂಸ್ಥಾನದ್ದು ಎಂಬುದನ್ನು ಮರೆತರೆ ತಿಂಗಳುಗಟ್ಟಲೆ ತಪ್ಪು ಕಟ್ಟು ಬಿಚ್ಚುತ್ತಿರುತ್ತೀರಿ.

ಉತ್ತರ ಕನ್ನಡದ್ದು ತಮಾಷೆಯ ಸಂಗತಿ. 1862ರ ತನಕ ಮದರಾಸು, ಆಮೇಲೆ ಬೊಂಬಾಯಿ. 1850ರ ಶಿರಸಿಯ ಕಳ್ಳತನ ಚೆನ್ನೈನಲ್ಲಿ, 1870ರದ್ದು ಮುಂಬೈನಲ್ಲಿ. ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಮದರಾಸಿನವು, ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಯದು. ಇವುಗಳಿಗೆ ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರ. ಕೊಡಗು 1834ರಿಂದ ಬ್ರಿಟಿಷರ ನೇರ ಆಡಳಿತದಲ್ಲಿದ್ದು ಬೇರೆಯೇ ಘಟಕವಾಗಿತ್ತು. ಹಾಗಾಗಿ 1837ರ ಅಮರಸುಳ್ಯ ದಂಗೆ ಅಥವಾ ಕಲ್ಯಾಣಪ್ಪನ ಕಾಟಕಾಯಿಯ ಕಾಗದಗಳು ಸುಳ್ಯ, ಮಂಗಳೂರಿನ ಕಡೆಯಿಂದ ಒಂದಷ್ಟು, ಮಡಿಕೇರಿಯ ಕಡೆಯಿಂದ ಒಂದಷ್ಟು ಎಂದು ಎರಡು ದಾರಿಯಲ್ಲಿ ಹೋಗಿವೆ. ಬೀದರ, ಕಲಬುರಗಿ, ರಾಯಚೂರು ನಿಜಾಮರವು. ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ಪತ್ರಾಗಾರದಲ್ಲಿ ಹಳೆಯವು ಪಾರ್ಸಿಯಲ್ಲಿ, ಈಚಿನವು ಉರ್ದುವಿನಲ್ಲಿ ಇವೆ.

ಎಲ್ಲ ಕಡೆಗೂ ರೈಲು ಹತ್ತುವ ಮುಂಚೆ ‘ಅಭಿಲೇಖ ಪಟಲ’ ನೋಡಿ. ಭಾರತದ ರಾಷ್ಟ್ರೀಯ ಪತ್ರಾಗಾರದ ಈ ಜಾಲತಾಣದಲ್ಲಿ ನೋಂದಣಿ ಉಚಿತ. ಸಾಕಷ್ಟು ಕಡತಗಳನ್ನು ಮನೆಯಲ್ಲಿಯೇ ಕೂತು ಓದಬಹುದು. ಲಂಡನ್ನಿನಲ್ಲಿರುವವರು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ‘ಬೋರ್ಡ್ಸ್ ಕಲೆಕ್ಷನ್ಸ್’ ಎಂಬ ಸರಣಿಯನ್ನು ಕೇಳಬೇಕು. ಕಂಪನಿಯ ಕಾಲದ ದಂಗೆಗಳ ಬಗ್ಗೆ ಇಲ್ಲಿಂದ ಹೋದ ಪತ್ರಗಳ ಪ್ರತಿಗಳನ್ನು ವಿಷಯವಾರು ಕಟ್ಟಿಟ್ಟಿರುವುದು ಅಲ್ಲಿ.

ಪತ್ರಾಗಾರಕ್ಕೆ ಗುರುತಿನ ಚೀಟಿ, ಉದ್ದೇಶ ತಿಳಿಸುವ ಪತ್ರ, ಪೆನ್ಸಿಲು ಒಯ್ಯಿರಿ. ಫೋಟೊ ತೆಗೆಯಲು ಒಂದೊಂದು ಕಡೆ ಒಂದೊಂದು ನಿಯಮ, ಮೊದಲೇ ಕೇಳಿ. "ನಮ್ಮ ಅಜ್ಜನ ಫೈಲು ಕೊಡಿ" ಎಂದರೆ ಯಾರೂ ಕೊಡಲಾರರು. ಇಲಾಖೆ, ವರ್ಷ, ಸಂಪುಟ ಅಥವಾ ಕಡತದ ಸಂಖ್ಯೆ ಬರೆದು ಕೊಡಬೇಕು. ಆದ್ದರಿಂದ ಮೊದಲ ದಿನವನ್ನು ಸೂಚಿಗಳಿಗೇ ಮೀಸಲಿಡಿ.

ತಾರೀಖು ಕೂಡಿಸುವುದು

ಮನೆಯ ಕಾಗದದಲ್ಲಿ ಸಂವತ್ಸರ, ಕಂದಾಯದ ಕಾಗದದಲ್ಲಿ ಫಸಲಿ (ಕಂದಾಯದ ವರ್ಷ), ಪೊಲೀಸ್ ಕಾಗದದಲ್ಲಿ ಇಸವಿ ಇರುತ್ತದೆ. ಶಕ ವರ್ಷಕ್ಕೆ 78, ಫಸಲಿಗೆ 590 ಕೂಡಿಸಿದರೆ ಇಸವಿ. ಫಸಲಿ ವರ್ಷ ನಡುವರ್ಷದಲ್ಲಿ ಬದಲಾಗುವುದರಿಂದ ಒಂದು ವರ್ಷ ಆಚೀಚೆ ನೋಡಿ. ಸಂವತ್ಸರಕ್ಕೆ 1807 ಮತ್ತು 1867 ‘ಪ್ರಭವ’ ಎಂದಿಟ್ಟುಕೊಂಡು ಎಣಿಸಿ. ನಗರ ದಂಗೆಯ 1830 ವಿಕೃತಿ, ಅಮರಸುಳ್ಯದ 1837 ಹೇವಿಳಂಬಿ, 1857 ಪಿಂಗಳ, ಮಹಾ ಬರದ 1876 ಧಾತು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುವುದರಿಂದ "ಹೇವಿಳಂಬಿಯಲ್ಲಿ ಗಲ್ಲಾಯಿತು" ಎಂಬುದು 1837 ಆಗಬಹುದು, 1897 ಆಗಬಹುದು. ಆಗ ತಲೆಮಾರಿನ ಲೆಕ್ಕ ಪಕ್ಕಕ್ಕಿಟ್ಟುಕೊಂಡು ತೀರ್ಮಾನಿಸಬೇಕು.

ಧಾತು ಬರವನ್ನು ವಿಶೇಷವಾಗಿ ನೆನಪಿಡಿ. 1876ರಿಂದ 78ರ ಆ ಹಸಿವಿನ ಕಾಲದಲ್ಲಿ ಹಗೇವಿನ (ನೆಲದೊಳಗಿನ ಕಣಜದ) ಜೋಳ ಕದ್ದು ಜೈಲಿಗೆ ಹೋದವನನ್ನು ‘ಕಳ್ಳರ ವಂಶ’ ಎಂಬ ಮಾತಿನ ಮೂಲವಾಗಿ ನೋಡುವ ಮುಂಚೆ ಆ ವರ್ಷದ ಕಾಳಿನ ಧಾರಣೆ ಒಮ್ಮೆ ನೋಡಬೇಕು.

ಹೆಸರು ಸಾಹೇಬರ ಕಿವಿಗೆ ಹೇಗೆ ಬಿತ್ತು?

ಹತ್ತೊಂಬತ್ತನೇ ಶತಮಾನದ ಮೊದಲರ್ಧದ ಇಂಗ್ಲಿಷ್ ಗುಮಾಸ್ತರು ‘ಅ’ ಉಚ್ಚಾರಕ್ಕೆ ‘ಯು’ ಅಕ್ಷರ, ‘ಊ’ಗೆ ಎರಡು ‘ಓ’, ‘ಈ’ಗೆ ಎರಡು ‘ಇ’ ಬರೆಯುತ್ತಿದ್ದರು. ಬಸಪ್ಪ ‘ಬುಸ್ಸಾಪಾ’ ಆಗುತ್ತಾನೆ, ಲಕ್ಷ್ಮಣ ‘ಲುಚ್‌ಮನ್’ ಆಗುತ್ತಾನೆ. ನಗರ ‘ಬೆಡ್ನೂರ್’, ಚಿತ್ರದುರ್ಗ ‘ಚಿತ್ತಲ್‌ದ್ರೂಗ್’, ಸುರಪುರ ‘ಶೋರಾಪುರ್’, ಮಡಿಕೇರಿ ‘ಮರ್ಕೆರಾ’, ಸೋದೆ ‘ಸೊಂಡಾ’. ಜಾಲತಾಣದಲ್ಲಿ ಹುಡುಕುವಾಗ ಒಂದು ಹೆಸರಿಗೆ ಕನಿಷ್ಠ ಆರೇಳು ಬಗೆಯ ಇಂಗ್ಲಿಷ್ ಕಾಗುಣಿತ ಪ್ರಯತ್ನಿಸಿ. ಅದರಿಂದಲೂ ಸಿಗದಿದ್ದರೆ ಮನುಷ್ಯನ ಹೆಸರು ಬಿಟ್ಟು ಊರಿನ ಹೆಸರು ಮತ್ತು ವರ್ಷ ಹಾಕಿ ನೋಡಿ. ಕಡತದ ಶೀರ್ಷಿಕೆಯಲ್ಲಿ ನಾಯಕನ ಹೆಸರು ಮಾತ್ರ ಇರುತ್ತದೆ, ಜೊತೆಗಾರರು ಒಳಗಿನ ಪಟ್ಟಿಯಲ್ಲಿ.

ಕನ್ನಡ ಕಾಗದಗಳಲ್ಲಿ ‘ಬಿನ್’ ಎಂದರೆ ಮಗ, ‘ಕೋಂ’ ಎಂದರೆ ಹೆಂಡತಿ. ‘ತಿಮ್ಮಯ್ಯ ಬಿನ್ ಕೆಂಚಯ್ಯ’, ‘ಹೊನ್ನಮ್ಮ ಕೋಂ ತಿಮ್ಮಯ್ಯ’. ಉತ್ತರದ ಕಡೆಯ ಮುಸ್ಲಿಮರ ಹೆಸರುಗಳಲ್ಲಿ ‘ವಲದ್’ ಬರುತ್ತದೆ. ಬಿನ್ ಆದಮೇಲಿನ ಹೆಸರು ಸಿಗದ ಹೊರತು ಯಾವ ಹೆಸರನ್ನೂ ನಿಮ್ಮವನೆಂದು ಒಪ್ಪಿಕೊಳ್ಳಬೇಡಿ.

ಭೂಮಿಯ ದಾಖಲೆ: ಹೋದ ಹೊಲ ಎಲ್ಲಿ ಹೋಯಿತು?

ದಂಗೆಯೆದ್ದವನ ಮಾನ್ಯ, ಇನಾಮು, ಉಂಬಳಿಗಳನ್ನು (ಕಂದಾಯ ಬಿಟ್ಟು ಅಥವಾ ಇಳಿಸಿ ಕೊಟ್ಟ ಭೂಮಿಗಳನ್ನು) ಸರ್ಕಾರ ಜಪ್ತಿ ಮಾಡುತ್ತಿತ್ತು. ತಲೆಮರೆಸಿಕೊಂಡವನ ಆಸ್ತಿಯೂ ಹಾಗೆಯೇ. ಜೈಲಿಗೆ ಹೋದ ಸಾಮಾನ್ಯ ರೈತನ ಹೊಲ ಕಂದಾಯ ಬಾಕಿಗೆ ಹರಾಜಾಗುತ್ತಿತ್ತು. ಹೀಗಾಗಿ ನೇಣಿನ ಕಾಗದ ಕಳೆದುಹೋಗಿದ್ದರೂ ಹೊಲದ ಕಾಗದದಲ್ಲಿ ಅದರ ಗಾಯ ಉಳಿದಿರುತ್ತದೆ.

ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಈಗಿನದರಿಂದ ಹಿಂದಕ್ಕೆ ಈ ಕ್ರಮದಲ್ಲಿ ನಕಲು ಕೇಳಿ: ಗಣಕೀಕೃತ ಪಹಣಿ, ಕೈಬರಹದ ಪಹಣಿ, ಎಂ.ಆರ್. ಅಂದರೆ ಹಕ್ಕು ಬದಲಾವಣೆಯ ರಿಜಿಸ್ಟರು, ಐ.ಎಲ್. (ಜಮೀನುಗಳ ಸೂಚಿ) ಮತ್ತು ಆರ್.ಆರ್. (ಹಕ್ಕು ದಾಖಲೆ), ಇನಾಂ ರಿಜಿಸ್ಟರು. ಸರ್ವೆ ಕಚೇರಿಯಲ್ಲಿ ಮೂಲ ಟಿಪ್ಪಣಿ (ಹೊಲ ಅಳೆದ ನಕ್ಷೆ), ಆಕಾರಬಂದು (ಹೊಲದ ವಿಸ್ತೀರ್ಣ ಮತ್ತು ಕಂದಾಯದ ಪಟ್ಟಿ) ಕೇಳಿ. ಭೂ ಸುರಕ್ಷಾ ಯೋಜನೆಯಲ್ಲಿ ಸ್ಕ್ಯಾನ್ ಆದ ತಾಲೂಕುಗಳಲ್ಲಿ ಕೆಲಸ ಹಗುರ. ಉಳಿದ ಕಡೆ ಕಟ್ಟು ಬಿಚ್ಚಿಸುವ ತಾಳ್ಮೆ ಬೇಕು. ಎಂ.ಆರ್. ಪುಟದಲ್ಲಿ ಹಕ್ಕು ಬದಲಾದ ಕಾರಣದ ಕಲಂ ಓದದೆ ಬಿಡಬೇಡಿ. ‘ವಾರಸಾ’, ‘ಕ್ರಯ’, ‘ವಿಭಾಗ’ ಎಂದಿದ್ದರೆ ಮುಂದೆ ಹೋಗಿ. ‘ಸರ್ಕಾರಿ ಜಪ್ತಿ’, ‘ಹರಾಜು’, ‘ಬೇಪತ್ತೆ’ (ನಾಪತ್ತೆ) ಎಂದಿದ್ದರೆ ನಿಂತುಕೊಳ್ಳಿ. ಅದೇ ಪುಟದಲ್ಲಿ ಮೇಲಿನ ಕಚೇರಿಯ ಹುಕುಂ ಸಂಖ್ಯೆ, ತಾರೀಖು ಇದ್ದರೆ ಅದು ಅಪರಾಧದ ಕಡತಕ್ಕೆ ನೇರ ದಾರಿ.

ಸರ್ವೆ ನಂಬರುಗಳಿಗಿಂತ ಹಿಂದಿನ ಕಾಲಕ್ಕೆ ಹೋದರೆ ಹೊಲದ ಹೆಸರೇ ಗತಿ. ಮೈಸೂರಿನಲ್ಲಿ ಆಧುನಿಕ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. ಅದಕ್ಕೂ ಮುಂಚಿನ ಕಡತಗಳಲ್ಲಿ ‘ಆಲದಮರದ ಹೊಲ, ಬೀಜವರಿ ಇಷ್ಟು ಖಂಡುಗ’ ಎಂದಿರುತ್ತದೆ. ಬೀಜವರಿ ಎಂದರೆ ಬಿತ್ತನೆಗೆ ಬೇಕಾದ ಬೀಜದ ಲೆಕ್ಕದಲ್ಲಿ ಹೇಳುವ ಹೊಲದ ಅಳತೆ. 20 ಕೊಳಗಕ್ಕೆ ಒಂದು ಖಂಡುಗ. ಊರಿನಲ್ಲಿ ಹೊಲಗಳ ಹಳೆಯ ಹೆಸರು ಬಲ್ಲ ಒಬ್ಬರನ್ನು ಕರೆದುಕೊಂಡು ಗಡಿ ಸುತ್ತಿದರೆ ಅರ್ಧ ದಿನದಲ್ಲಿ ಹೆಸರನ್ನು ಸರ್ವೆ ನಂಬರಿಗೆ ಹೊಂದಿಸಬಹುದು. ಶಾನುಭೋಗರ ಮನೆತನದವರ ಅಟ್ಟದಲ್ಲಿ ಬಳಪದಿಂದ ಬರೆದ ಕಪ್ಪು ಕಡತಗಳು ಇನ್ನೂ ಇದ್ದರೆ ಕೈಯಿಂದ ಉಜ್ಜಬೇಡಿ, ಒರೆಸಬೇಡಿ. ಓರೆ ಬೆಳಕಿನಲ್ಲಿ ಫೋಟೊ ತೆಗೆಯಿರಿ.

ಬೊಂಬಾಯಿ ಕರ್ನಾಟಕದಲ್ಲಿ 1852ರ ಇನಾಂ ಕಾಯ್ದೆಯ ವಿಚಾರಣೆ, ಮದರಾಸಿನ ಜಿಲ್ಲೆಗಳಲ್ಲಿ 1858ರಿಂದ ನಡೆದ ಇನಾಂ ಕಮಿಷನ್ ದೊಡ್ಡ ಗಣಿ. ಇನಾಮು ಉಳಿಸಿಕೊಳ್ಳಲು ಬಂದವರು ತಮ್ಮ ವಂಶಾವಳಿಯನ್ನು ಕಾಗದದ ಮೇಲೆ ಕೊಡಬೇಕಾಗಿತ್ತು. ಕಿತ್ತೂರು ಸೀಮೆಯವರು ಶೇತ್‌ಸನದಿಗಳ ಪಟ್ಟಿ ಹುಡುಕಬೇಕು. ಹೊಲದ ಮಾನ್ಯಕ್ಕೆ ಬದಲಾಗಿ ಸಂಸ್ಥಾನದ ಚಾಕರಿ ಮಾಡುತ್ತಿದ್ದ ಈ ಮನೆತನಗಳಿಂದಲೇ ರಾಯಣ್ಣನೂ ಅವನ ಹಲವು ಜೊತೆಗಾರರೂ ಬಂದದ್ದು. ಈ ಸೀಮೆಯ ಹಳೆಯ ಕಾಗದಗಳಲ್ಲಿ ಬಹಳಷ್ಟು ಮೋಡಿ ಲಿಪಿಯಲ್ಲಿವೆ, ಅಂದರೆ ಮರಾಠಿಯ ಹಳೆಯ ಕೂಡುಬರಹದಲ್ಲಿವೆ. ಓದಿಸುವ ಮುಂಚೆ ಪುಟಕ್ಕೆ ಎಷ್ಟು ಎಂದು ಮಾತಾಡಿಕೊಳ್ಳಿ. ಲಿಪ್ಯಂತರವನ್ನೂ ಅನುವಾದವನ್ನೂ ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಬರೀ ಸಾರಾಂಶ ಬರೆಸಿಕೊಂಡರೆ ಹೆಸರುಗಳೇ ಬಿಟ್ಟುಹೋಗುತ್ತವೆ.

(ಜಪ್ತಿಯಾದ ಹೊಲ ಈಗ ವಾಪಸು ಸಿಗುತ್ತದೆಂದು ಈ ಹುಡುಕಾಟಕ್ಕೆ ಇಳಿಯುವವರೂ ಇದ್ದಾರೆ. ಆ ಆಸೆಗೆ ವಕೀಲರ ಶುಲ್ಕವೊಂದೇ ಖಾತ್ರಿ.)

ಅಪರಾಧದ ಕಡತ

ಗಲ್ಲು ಶಿಕ್ಷೆಯಾಗಿದ್ದರೆ ಹುಡುಕುವುದು ಸುಲಭ. ಸೆಷನ್ಸ್ ನ್ಯಾಯಾಲಯ ವಿಧಿಸಿದ ಗಲ್ಲಿಗೆ ಮೇಲಿನ ನ್ಯಾಯಾಲಯದ ಮಂಜೂರಾತಿ ಬೇಕಿತ್ತು. ಹೀಗಾಗಿ ಜಿಲ್ಲೆಯಲ್ಲಿ ಕಾಗದ ನಾಶವಾಗಿದ್ದರೂ ಮೇಲೆ ಒಂದು ಪ್ರತಿ ಹೋಗಿರುತ್ತದೆ. ಮದರಾಸು, ಬೊಂಬಾಯಿಗಳಲ್ಲಿ 1862ಕ್ಕೆ ಹಿಂದೆ ಫೌಜದಾರಿ ಅದಾಲತ್, ಆಮೇಲೆ ಹೈಕೋರ್ಟು. ಕಾನೂನಿನ ಪ್ರಶ್ನೆ ಎದ್ದ ಮೊಕದ್ದಮೆಗಳು 1876ರಿಂದ ಇಂಡಿಯನ್ ಲಾ ರಿಪೋರ್ಟ್ಸ್‌ನಲ್ಲಿ ಅಚ್ಚಾಗಿವೆ. ಹಳೆಯ ವಕೀಲರ ಸಂಘಗಳ ಗ್ರಂಥಾಲಯದಲ್ಲಿ ಸಿಗುತ್ತವೆ. 1857-58ರ ಶಿಕ್ಷೆಗಳಿಗೆ ಈ ದಾರಿ ನಡೆಯುವುದಿಲ್ಲ. ಆಗ ವಿಶೇಷ ಅಧಿಕಾರಿಗಳು, ದಂಡಿನ ನ್ಯಾಯಾಲಯಗಳು ಸ್ಥಳದಲ್ಲಿಯೇ ವಿಚಾರಿಸಿ ಮುಗಿಸುತ್ತಿದ್ದವು. ಹಲಗಲಿ, ನರಗುಂದ, ಸುರಪುರದ ಹೆಸರುಗಳಿಗೆ ಪೊಲಿಟಿಕಲ್ ಇಲಾಖೆಯ ಪತ್ರಗಳಿಗೇ ಹೋಗಬೇಕು.

ಸರ್ಕಾರಿ ಗೆಜೆಟ್ಟುಗಳನ್ನು ಜನ ಮರೆಯುತ್ತಾರೆ. ತಲೆಮರೆಸಿಕೊಂಡವರ ಚಹರೆ, ಹಿಡಿದುಕೊಟ್ಟವರಿಗೆ ಇನಾಮು, ಜಪ್ತಿ ಆಸ್ತಿಯ ಹರಾಜು ಅಲ್ಲಿ ಅಚ್ಚಾಗುತ್ತಿದ್ದವು.

ಇಪ್ಪತ್ತನೇ ಶತಮಾನದ ವ್ಯಕ್ತಿಯಾದರೆ ಜಿಲ್ಲಾ ನ್ಯಾಯಾಲಯದ ರೆಕಾರ್ಡ್ ರೂಮಿಗೆ ನಕಲು ಅರ್ಜಿ ಹಾಕಿ. ಮೊಕದ್ದಮೆಯ ಸಂಖ್ಯೆ ಗೊತ್ತಿಲ್ಲದಿದ್ದರೆ ವರ್ಷ ಮತ್ತು ಠಾಣೆ ಹೇಳಿ ರಿಜಿಸ್ಟರು ನೋಡಲು ಅನುಮತಿ ಕೇಳಿ. ಸಾಕ್ಷಿ ಹೇಳಿಕೆಗಳು ಅವಧಿ ಮುಗಿದ ಮೇಲೆ ನಾಶವಾಗುತ್ತವೆ, ತೀರ್ಪು ಹೆಚ್ಚು ಕಾಲ ಉಳಿಯುತ್ತದೆ. ಆದ್ದರಿಂದ ತೀರ್ಪನ್ನೇ ಮೊದಲು ಕೇಳಿ. ಠಾಣೆಯ ಕೆ.ಡಿ. ರಿಜಿಸ್ಟರು (ಪೊಲೀಸರ ಕಣ್ಣಲ್ಲಿದ್ದ ಹಳೆಯ ಅಪರಾಧಿಗಳ ಪಟ್ಟಿ), ಅಪರಾಧ ದಾಖಲೆಗಳಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಕರ್ನಾಟಕದ ನಿಯಮದಂತೆ ಶುಲ್ಕ 10 ರೂಪಾಯಿ, ಅರ್ಜಿ ಒಂದೇ ವಿಷಯದ ಮೇಲೆ, 150 ಪದ ಮೀರಬಾರದು. 20 ವರ್ಷಕ್ಕಿಂತ ಹಳೆಯ ಘಟನೆಗಳಿಗೆ ಕಾಯ್ದೆಯ 8(3)ನೇ ಕಲಂ ಉಲ್ಲೇಖಿಸಿ. "ಕಡತ ನಾಶವಾಗಿದೆ" ಎಂಬ ಉತ್ತರ ಬಂದರೆ ನಾಶಪಡಿಸಿದ ಆದೇಶದ ಮತ್ತು ಪಟ್ಟಿಯ ನಕಲು ಕೇಳಿ. ಕೆಲವು ಸಲ ಆ ಹುಡುಕಾಟದಲ್ಲೇ ಕಡತ ಸಿಕ್ಕಿಬಿಡುತ್ತದೆ.

ಕರಿನೀರಿಗೆ ಹೋದವನು

"ಅಂಡಮಾನಿಗೆ ಕಳಿಸಿದರಂತೆ" ಎಂಬ ಮಾತು ಬಹಳ ಮನೆಗಳಲ್ಲಿದೆ. ಮೊದಲು ವರ್ಷ ನೋಡಿ. ಪೋರ್ಟ್‌ಬ್ಲೇರಿನ ಕೈದಿ ವಸಾಹತು ಶುರುವಾದದ್ದು 1858ರ ಮಾರ್ಚ್‌ನಲ್ಲಿ. ಸೆಲ್ಯುಲರ್ ಜೈಲು ಕಟ್ಟಿದ್ದು 1896ರಿಂದ 1906ರ ನಡುವೆ. 1837ರ ಬಂಡಾಯಗಾರ ಅಂಡಮಾನಿಗೆ ಹೋಗಿರಲು ಸಾಧ್ಯವಿಲ್ಲ. ಆ ಕಾಲದಲ್ಲಿ ಕಡಲು ದಾಟಿಸುತ್ತಿದ್ದುದು ಪಿನಾಂಗ್, ಮಲಕ್ಕಾ, ಸಿಂಗಪುರ, ಬರ್ಮಾದ ತೆನಸ್ಸರಿಮ್ ಕಡೆಗೆ. ಬೊಂಬಾಯಿಯ ಕೈದಿಗಳಾದರೆ 1837ರ ತನಕ ಮಾರಿಷಸ್ ಕೂಡ ಇತ್ತು. ಮನೆಯಲ್ಲಿ ಎಲ್ಲ ದ್ವೀಪಗಳೂ ‘ಅಂಡಮಾನ್’ ಆಗಿಬಿಟ್ಟಿವೆ, ಅಷ್ಟೇ.

1858ರ ನಂತರದವರಿಗೆ ರಾಷ್ಟ್ರೀಯ ಪತ್ರಾಗಾರದ ಹೋಮ್ ಇಲಾಖೆ, ಪೋರ್ಟ್‌ಬ್ಲೇರ್ ಶಾಖೆಯ ಕಡತಗಳನ್ನು ನೋಡಿ. ಬಿಡುಗಡೆ, ದಯಾ ಅರ್ಜಿ, ಮದುವೆಯ ಅನುಮತಿ, ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಕೋರಿಕೆಗಳಲ್ಲಿ ಊರು ಮತ್ತು ಅಪ್ಪನ ಹೆಸರು ಬರುತ್ತದೆ. 1942ರಿಂದ 45ರ ಜಪಾನೀಯರ ಆಡಳಿತದಲ್ಲಿ ದ್ವೀಪದಲ್ಲಿದ್ದ ಬಹಳಷ್ಟು ಕಾಗದ ಹೋಯಿತು. ದೆಹಲಿಗೆ ಬಂದ ಪ್ರತಿಗಳನ್ನೇ ನೆಚ್ಚಿಕೊಳ್ಳಬೇಕು. ಒಳ್ಳೆಯ ನಡತೆಯ ಕೈದಿಗಳಿಗೆ ಅಲ್ಲಿಯೇ ಹೊಲ, ಮದುವೆಗೆ ಅವಕಾಶವಿತ್ತು. ಹಾಗಾಗಿ "ಅವನ ವಂಶ ಅಲ್ಲಿಗೇ ನಿಂತಿತು" ಎಂದು ವೃಕ್ಷದಲ್ಲಿ ಬರೆಯಲು ಅವಸರಪಡಬೇಡಿ.

ಕಂಪನಿ ಕಾಲದ ಮದರಾಸಿನ ಜೀವಾವಧಿ ಕೈದಿಗಳ ಹಣೆಗೆ ಹಚ್ಚೆ ಹಾಕುತ್ತಿದ್ದರು. 1849ರಲ್ಲಿ ಅದು ನಿಂತಿತು. "ಅಜ್ಜ ಸದಾ ಹಣೆ ಮುಚ್ಚಿ ಪೇಟ ಸುತ್ತುತ್ತಿದ್ದ" ಎಂಬ ನೆನಪು ಮನೆಯಲ್ಲಿದ್ದರೆ ತಳ್ಳಿಹಾಕಬೇಡಿ.

ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ

1871ರಲ್ಲಿ ಬಂದು ಮುಂದೆ ದಕ್ಷಿಣಕ್ಕೂ ವಿಸ್ತರಿಸಿದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ರಿಜಿಸ್ಟರಿನಲ್ಲಿ ಅಜ್ಜನ ಹೆಸರು, ಬೆರಳಚ್ಚು ಸಿಕ್ಕರೆ ಅವನು ಅಪರಾಧಿ ಎಂದು ಬರೆಯುವಂತಿಲ್ಲ. ಆ ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ದಾಖಲಿಸಿತು. ಹುಬ್ಬಳ್ಳಿಯಲ್ಲಿ ಇವತ್ತಿಗೂ ‘ಸೆಟ್ಲಮೆಂಟ್’ ಎಂದು ಕರೆಯುವ ಜಾಗ ಅಂಥ ಜನರನ್ನು ಬೇಲಿಯೊಳಗೆ ಇಟ್ಟ ವಸಾಹತು. ಕಾಯ್ದೆ ರದ್ದಾದದ್ದು 1952ರಲ್ಲಿ. ಆ ರಿಜಿಸ್ಟರು ವಂಶಾವಳಿಗೆ ಒಳ್ಳೆಯ ದಾಖಲೆ, ಅಪ್ಪ, ಮಗ, ಊರು ಎಲ್ಲ ಸಿಗುತ್ತವೆ. ಅಪರಾಧಕ್ಕೆ ಬೇರೆಯೇ ತೀರ್ಪು ಬೇಕು.

ಹೆಸರಿಗೆ ಅಂಟಿಸಿದ ಚೀಟಿಯ ವಿಷಯವೂ ಹಾಗೆಯೇ. ಚನ್ನಗಿರಿಯ ಧೋಂಡಿಯ ವಾಘ್ 1800ರಲ್ಲಿ ಕೋಣಗಲ್ಲಿನಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯಕ್ಕೆ ಸಿಕ್ಕಿ ಸತ್ತಾಗ ಕಂಪನಿಯ ಕಾಗದಕ್ಕೆ ಅವನು ಲೂಟಿಕೋರ. ಈಗಿನ ಬರಹಗಳಲ್ಲಿ ಸ್ವಾತಂತ್ರ್ಯದ ಕಲಿ. ಎರಡನ್ನೂ ನಿಮ್ಮ ವೃಕ್ಷಕ್ಕೆ ತರಬೇಡಿ. ಆರೋಪವೇನು, ಯಾವ ಕಲಂ, ಯಾರ ದೂರು, ಯಾರು ಸತ್ತರು, ಸೂರೆಯಾದ ಮನೆ ಸಾಹುಕಾರನದೋ ಕೂಲಿಯವನದೋ, ಇಷ್ಟನ್ನು ಬರೆದರೆ ಓದುವವರೇ ತೀರ್ಮಾನಿಸುತ್ತಾರೆ. ಸ್ವಾತಂತ್ರ್ಯ ಹೋರಾಟಗಾರ ಎಂಬ ಪಟ್ಟ ಬಂದ ಮೇಲೆ ಸಾಮಾನ್ಯ ದರೋಡೆಗಳೂ ಬಂಡಾಯದ ಲೆಕ್ಕಕ್ಕೆ ಸೇರಿಕೊಂಡಿವೆ. ಅದಕ್ಕೆ ವಿರುದ್ಧವಾದದ್ದೂ ನಡೆದಿದೆ.

ಲಾವಣಿಗಳನ್ನು ಇದೇ ಎಚ್ಚರದಿಂದ ಬಳಸಿ. ಹಲಗಲಿ ಬೇಡರು, ರಾಯಣ್ಣ, ಸಂಗ್ಯಾನ ಕೊಲೆಯ ಹಾಡುಗಳನ್ನು ಬ್ರಿಟಿಷ್ ಅಧಿಕಾರಿ ಫ್ಲೀಟ್ ಸಾಹೇಬರು 1880ರ ದಶಕದಲ್ಲಿಯೇ ಸಂಗ್ರಹಿಸಿ ಅಚ್ಚು ಹಾಕಿಸಿದ್ದರು. ಲಾವಣಿಯಲ್ಲಿ ಜೊತೆಗಾರರ ಹೆಸರು, ಹಿಡಿದುಕೊಟ್ಟವನ ಊರು ಸಿಗುತ್ತದೆ, ಸರ್ಕಾರಿ ಕಾಗದ ಹೇಳದ ಕಾರಣವೂ ಸಿಗುತ್ತದೆ. ತಾರೀಖು, ನೆಂಟಸ್ತಿಕೆಗೆ ಅದನ್ನು ನಂಬಬೇಡಿ. ಪ್ರಾಸಕ್ಕಾಗಿ ತಮ್ಮ ಅಳಿಯನಾಗುತ್ತಾನೆ.

ಅಧಿಕಾರದಲ್ಲಿದ್ದ ಅಜ್ಜನ ಕಡತವನ್ನೂ ತೆಗೆಯಿರಿ

ಕೆಟ್ಟ ಹೆಸರೆಂದರೆ ಜೈಲು ಕಂಡವರದೇ ಆಗಬೇಕಿಲ್ಲ. ನಡುಮನೆಯ ಗೋಡೆಯ ಮೇಲೆ ಪಟ ಇರುವ ಅಮಲ್ದಾರ, ಶೇಕ್‌ದಾರ, ಪಟೇಲರ ವಿಷಯದಲ್ಲಿ ದಾಖಲೆ ಇನ್ನೂ ದಪ್ಪ. ನಗರ ದಂಗೆಯ ಕಾರಣ ಹುಡುಕಲು ನೇಮಿಸಿದ ಸಮಿತಿ 1833ರಲ್ಲಿ ಕೊಟ್ಟ ವರದಿ ಮೈಸೂರಿನ ಅಧಿಕಾರಿಗಳ ಸುಲಿಗೆಯ ಬಗ್ಗೆ ಹೇಳುತ್ತದೆ. ಕಂದಾಯ ವಸೂಲಿಗೆ ರೈತರನ್ನು ಹಿಂಸಿಸಿದ ಬಗ್ಗೆ ಮದರಾಸಿನ ವಿಚಾರಣಾ ಆಯೋಗದ ವರದಿ ಬಂದದ್ದು 1855ರಲ್ಲಿ. ಕೆನರಾ (ಕರಾವಳಿಯ ಕನ್ನಡ ಜಿಲ್ಲೆಗಳು), ಕೊಡಗಿನ ಹಳೆಯ ಭೂಮಿ ಪತ್ರಗಳಲ್ಲಿ ಗದ್ದೆಯ ಜೊತೆಗೆ ಮೂಲದಾಳುಗಳನ್ನೂ (ವಂಶಪಾರಂಪರ್ಯದ ಜೀತದವರನ್ನೂ) ಮಾರಿದ, ಅಡವಿಟ್ಟ ಸಾಲುಗಳಿರುತ್ತವೆ. 1843ರ ಕಾಯ್ದೆ ಗುಲಾಮಗಿರಿಯ ಮಾನ್ಯತೆ ತೆಗೆದ ಮೇಲೂ ಜೀತ ನಡೆಯಿತು. ಈ ಪತ್ರಗಳು ಸಾಮಾನ್ಯವಾಗಿ ನಿಮ್ಮ ಮನೆಯ ಪೆಟ್ಟಿಗೆಯಲ್ಲಿಯೇ ಇರುತ್ತವೆ. ಅಲ್ಲಿರುವ ಆಳುಗಳ ಹೆಸರನ್ನು ಬಿಡದೆ ನಕಲು ಮಾಡಿ. ಅವರ ಮೊಮ್ಮಕ್ಕಳಿಗೆ ಅಜ್ಜಂದಿರ ಹೆಸರು ಸಿಗುವ ಕಾಗದ ಅದೊಂದೇ ಇರಬಹುದು.

ಎರಡೂ ಕಡತವನ್ನು ಹೊಲಿಯುವುದು

ಅಪರಾಧದ ಕಡತದ ವ್ಯಕ್ತಿ ನಿಮ್ಮವನೆನ್ನಲು ಅಪ್ಪನ ಹೆಸರೂ ಸೇರಿ ನಾಲ್ಕರಲ್ಲಿ ಮೂರಾದರೂ ಹೊಂದಬೇಕು: ಅಪ್ಪನ ಹೆಸರು, ಊರು, ಐದು ವರ್ಷದೊಳಗಿನ ವ್ಯತ್ಯಾಸದಲ್ಲಿ ವಯಸ್ಸು, ಮತ್ತು ಅಣ್ಣತಮ್ಮ ಅಥವಾ ಹೆಂಡತಿಯ ಹೆಸರು. ಇವುಗಳ ಜೊತೆಗೆ ಶಿಕ್ಷೆಯ ವರ್ಷದ ಹಿಂದೆಮುಂದೆ ಭೂಮಿಯ ಕಾಗದದಲ್ಲಿ ಹಕ್ಕು ಬದಲಾಗಿದ್ದರೆ ಗಟ್ಟಿಯಾಯಿತು. ಹೆಸರು ಮತ್ತು ಊರು ಮಾತ್ರ ಹೊಂದಿದರೆ ‘ಸಂಭವ’ ಎಂದು ಗುರುತು ಹಾಕಿ ಬಿಡಿ. ಒಂದು ದೊಡ್ಡ ಊರಿನಲ್ಲಿ ಅದೇ ಹೆಸರಿನವರು ಹತ್ತು ಜನ ಇರುತ್ತಾರೆ. ಡಿ.ಎನ್.ಎ. ಪರೀಕ್ಷೆ ಈ ಜಗಳ ಬಿಡಿಸುತ್ತದೆಂದು ಹಣ ಸುರಿಯುವ ಮುಂಚೆ ಯೋಚಿಸಿ. ಸೋದರಮಾವ, ಅತ್ತೆಮಗನ ಜೊತೆ ತಲೆತಲಾಂತರ ಮದುವೆ ನಡೆದ ಮನೆತನಗಳಲ್ಲಿ ಆರನೇ ತಲೆಮಾರಿನ ನೆಂಟನೂ ಮೂರನೇ ತಲೆಮಾರಿನವನಂತೆ ಕಾಣಿಸುತ್ತಾನೆ.

ವೃಕ್ಷದಲ್ಲಿ ಬರೆಯುವಾಗ ಹೆಸರಿನ ಪಕ್ಕ ಪತ್ರಾಗಾರ, ಇಲಾಖೆ, ವರ್ಷ, ಸಂಪುಟ, ಪುಟ ಸಂಖ್ಯೆ ಹಾಕಿ. ಮೂಲದ ಭಾಷೆ ಮತ್ತು ಲಿಪಿಯನ್ನೂ ಸೂಚಿಸಿ. ಕೊಲೆಯಾದವರ ಮನೆತನ ಅದೇ ಊರಿನಲ್ಲಿ ಇನ್ನೂ ಇದ್ದರೆ, ಹಿಡಿದುಕೊಟ್ಟವನ ಮೊಮ್ಮಕ್ಕಳು ಪಕ್ಕದ ಬೀದಿಯಲ್ಲಿದ್ದರೆ, ಕುಟುಂಬದ ವಾಟ್ಸ್ಯಾಪ್ ಗುಂಪಿಗೆ ಹಾಕುವ ಮುಂಚೆ ಆ ಹೆಸರುಗಳನ್ನು ತೆಗೆಯಿರಿ. ಮನೆಯ ಪ್ರತಿಯಲ್ಲಿ ಮಾತ್ರ ಪೂರ್ತಿ ಇರಲಿ. ಬದುಕಿರುವವರ ತಂದೆ ತಾಯಿಯರ ಕಾಲದ ಮೊಕದ್ದಮೆಯಾದರೆ ಅವರ ಒಪ್ಪಿಗೆ ಇಲ್ಲದೆ ಎಲ್ಲಿಯೂ ಹಾಕಬೇಡಿ. ಹೆಳವರು ಮುಂದಿನ ಸಲ ಬಂದಾಗ ಖಾಲಿ ಬಿಟ್ಟ ಹೆಸರಿನ ಮುಂದೆ ಏನು ಬರೆಸಬೇಕೆಂದು ಅಣ್ಣತಮ್ಮಂದಿರೆಲ್ಲ ಮೊದಲೇ ಕೂತು ಮಾತಾಡಿಕೊಳ್ಳಿ. ಒಬ್ಬರು ಬರೆಸಿದ್ದನ್ನು ಇನ್ನೊಬ್ಬರು ಅಳಿಸಲು ಹೇಳಿದರೆ ಅವರು ಎರಡನ್ನೂ ಬಿಟ್ಟು ಹೋಗುತ್ತಾರೆ.